ಹೊಡೆದವನ ಸಹಿ ಇಲ್ಲದೆ ಸಾಲವಿಲ್ಲವೇ?



ಗಂಡನ ಏಟು ತಾಳಲಾರದೆ ಮನೆ ಬಿಟ್ಟು ಬಂದ ಹೆಣ್ಣುಮಗಳಿಗೆ ನಾಲ್ಕು ದಿನ ಹೊಲಿಗೆಯೋ ಉಪ್ಪಿನಕಾಯಿಯೋ ಕಲಿಸಿ, ಪ್ರಮಾಣಪತ್ರ ಕೈಗಿತ್ತು, ಫೋಟೊ ತೆಗೆಸಿಕೊಂಡರೆ ಅವಳು ಉದ್ಯಮಿಯಾದಳೆಂದು ಲೆಕ್ಕ. ಅದೇ ಪತ್ರ ಹಿಡಿದು ಸಾಲ ಕೇಳಲು ಹೋದರೆ ಎದುರಾಗುವ ಮೊದಲ ಪ್ರಶ್ನೆ: "ನಿಮ್ಮ ಯಜಮಾನ್ರು ಬಂದಿಲ್ವಾ? ಜಾಮೀನಿಗೆ ಅವರ ಸಹಿ ಬೇಕಲ್ಲ." ಯಾರ ಕೈಯಿಂದ ಪಾರಾಗಿ ಬಂದಳೋ ಅವನ ಸಹಿ! ಇದು ಯಾರೋ ಒಬ್ಬಳ ಪಾಡಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದ ಹೆಂಗಸರಲ್ಲಿ ಶೇ 44.4ರಷ್ಟು ಮಂದಿ ಗಂಡನ ಹಿಂಸೆ ಕಂಡವರು. ದೇಶದ ಸರಾಸರಿ ಶೇ 29.3. ಈ ಪಟ್ಟಿಯಲ್ಲಿ ನಮ್ಮ ರಾಜ್ಯದ್ದೇ ಮೊದಲ ಸ್ಥಾನ. ಹೆಮ್ಮೆಪಡುವವರು ಪಡಲಿ.

ಸಹಿಯ ಕಂಟಕ ಕಳೆದರೆ ಕಾಗದದ ಕಂಟಕ. ಆಧಾರ್, ಪಾಸ್‌ಬುಕ್, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್ ತನ್ನಿ ಅನ್ನುತ್ತಾರೆ. ಅವೆಲ್ಲ ಗಂಡನ ಮನೆಯ ಟ್ರಂಕಿನಲ್ಲಿವೆ. 2013ರ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಂಗಸನ್ನೇ ಕಾರ್ಡಿನ ಯಜಮಾನಿ ಮಾಡಿತು, ಒಳ್ಳೆಯದೇ. ಆದರೆ ಓಡಿಬಂದ ಸೊಸೆಯ ಪಾಲಿಗೆ ಆ ಯಜಮಾನಿ ಅತ್ತೆ. ಕಾನೂನಿಲ್ಲವೆಂದಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಅವಳ ಸ್ತ್ರೀಧನ, ಸೊತ್ತು ವಾಪಸು ಕೊಡಿಸಬಹುದು, ಅವಳು ದುಡಿಯುವ ಜಾಗಕ್ಕೆ ಗಂಡ ಕಾಲಿಡದಂತೆ ತಡೆಯಬಹುದು, ಅರ್ಜಿಯನ್ನು 60 ದಿನದಲ್ಲಿ ಮುಗಿಸಲು ಯತ್ನಿಸಬೇಕು. ಮುದ್ರಾ ಯೋಜನೆಯ 50,000 ರೂಪಾಯಿವರೆಗಿನ ಶಿಶು ಸಾಲಕ್ಕೆ ಆಸ್ತಿ ಅಡಮಾನ ಬೇಡ. ಇಷ್ಟೆಲ್ಲ ಇದ್ದೂ ಹೊಲಿಗೆ ಯಂತ್ರ ಸಿಕ್ಕ ವಾರಕ್ಕೆ ಅವನೇ ಬಂದು ಎತ್ತಿಕೊಂಡು ಹೋಗಿ ಗಿರವಿ ಇಟ್ಟರೆ, ತರಬೇತಿ ಕೊಟ್ಟವರು "ಅದು ನಮ್ಮ ವ್ಯಾಪ್ತಿಗೆ ಬರಲ್ಲ" ಅನ್ನುತ್ತಾರೆ.

"ಸಾಲ ಕೊಟ್ಟರೆ ತಿಂದು ಹಾಕುತ್ತಾರೆ" ಎನ್ನುವ ಮಹನೀಯರಿದ್ದಾರೆ. ಹೌದು, ಕೋಟಿಗಟ್ಟಲೆ ಮುಳುಗಿಸಿ ವಿಮಾನ ಹತ್ತಿದವರೆಲ್ಲ ರೊಟ್ಟಿ ಮಾರುವ ಹೆಂಗಸರೇ ಅಲ್ಲವೇ! "ಸಂಸಾರ ಒಡೆಯುತ್ತದೆ" ಎನ್ನುವವರಿಗೆ, ಅದನ್ನು ಒಡೆದದ್ದು ಯಾರೆಂದು ಅವಳ ಮೊಣಕೈಯ ಬಾಸುಂಡೆ ಹೇಳುತ್ತದೆ. ಇನ್ನು ನಮ್ಮವರೇ ಎನಿಸಿಕೊಂಡ ಕೆಲವು ಸಂಸ್ಥೆಗಳು, ಸಂಘಗಳು! ಇವರ ವರದಿಯಲ್ಲಿ ಕಲಿತವರ ಸಂಖ್ಯೆ ಇರುತ್ತದೆ, ಅಂಗಡಿ ತೆರೆದವರ ಸಂಖ್ಯೆ ಇರುವುದಿಲ್ಲ. ಮನೆಬಾಗಿಲಿಗೇ ಬರುವ ಮೈಕ್ರೋ ಫೈನಾನ್ಸಿನವರೂ ಗಂಡನ ಆಧಾರ್ ಜೆರಾಕ್ಸ್ ಕೇಳುತ್ತಾರೆ. ಬ್ಯಾನರಿನಲ್ಲಿ ಮಾತ್ರ ಮಹಿಳಾ ಸಬಲೀಕರಣ. ಬರೀ ಕಲಿಸಿ ಕೈತೊಳೆದುಕೊಳ್ಳುವುದು ತರಬೇತಿಯಲ್ಲ ಎಂಬುದು ಈ ನಾಡಿಗೆ ಗೊತ್ತಿಲ್ಲದ್ದೇನೂ ಅಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ತರಬೇತಿ ಸಂಸ್ಥೆ, ಕಲಿತವರ ಬೆನ್ನು ಹಿಡಿದು ಬ್ಯಾಂಕಿಗೆ ಜೋಡಿಸುವ ಕ್ರಮ ತಂದಿತು. ಏಟು ತಿಂದವಳ ವಿಷಯ ಬಂದಾಗ ಮಾತ್ರ ಆ ಕ್ರಮ ಎಲ್ಲರಿಗೂ ಮರೆತುಹೋಗುತ್ತದೆ.

ಈ ಅನ್ಯಾಯ ನಿಲ್ಲಬೇಕು. ಅವಳ ಸಾಲಕ್ಕೆ ಅವಳ ಸಹಿಯೇ ಸಾಕಾಗಬೇಕು. ನಿಮ್ಮೂರಿನಲ್ಲಿ ಮುಂದಿನ ತರಬೇತಿಯ ಉದ್ಘಾಟನೆಗೆ ಕರೆ ಬಂದರೆ ತಪ್ಪದೆ ಹೋಗಿ. ಭಾಷಣ ಮುಗಿಯುವ ಮುಂಚೆ ಎದ್ದು ನಿಂತು ಕೇಳಿ: ಹೋದ ಸಲ ಕಲಿತವರಲ್ಲಿ ಎಷ್ಟು ಜನಕ್ಕೆ ಗಂಡನ ಸಹಿಯಿಲ್ಲದೆ ಸಾಲ ಸಿಕ್ಕಿದೆ? ಉತ್ತರ ಬರುವವರೆಗೂ ಕೂರಬೇಡಿ. ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ಮನೆಗೆ ಕೊಡಿ.