ಮಗಳ ಮೊದಲ ಹೊಲಿಗೆ ಯಂತ್ರ

ಪರೀಕ್ಷೆ ಮುಗಿದು ರಜೆ ಶುರುವಾದೊಡನೆ ನಮ್ಮ ಮನೆಗಳಲ್ಲಿ ಕೇಳಿ ಬರುವ ಮಾತೊಂದಿದೆ: "ಹುಡುಗಿ ಸುಮ್ಮನೆ ಕೂತಿದ್ದಾಳೆ, ಹೊಲಿಗೆ ಕ್ಲಾಸಿಗಾದರೂ ಸೇರಿಸೋಣ." ಸೇರಿಸುವುದೇನೋ ಸುಲಭ. ತಿಂಗಳ ಫೀಸನ್ನು ಹೇಗೋ ಹೊಂದಿಸಬಹುದು. ಆದರೆ ಹತ್ತು ದಿನ ಕಳೆಯುವಷ್ಟರಲ್ಲಿ ಮಗಳು ಬಂದು, "ಅಮ್ಮಿ, ಮನೆಯಲ್ಲಿ ಮಿಷನ್ ಇಲ್ಲದಿದ್ದರೆ ಕೈ ಕೂರುವುದಿಲ್ಲವಂತೆ" ಎನ್ನುತ್ತಾಳೆ. ತಾಯಿಯ ಲೆಕ್ಕಾಚಾರ ಆಗ ಶುರುವಾಗುತ್ತದೆ.

ಅಜ್ಜಂಪುರದಲ್ಲಿರುವ ನನ್ನ ತಂಗಿಯ ಮನೆಯಲ್ಲೂ ಹೀಗೇ ಆಯಿತು. ಎಸ್ಸೆಸ್ಸೆಲ್ಸಿ ಬರೆದ ಮಗಳು ಕ್ಲಾಸಿಗೆ ಸೇರಿದ್ದಳು. ತಂಗಿಯ ಕೈಯಲ್ಲಿದ್ದುದು ನಾಲ್ಕು ಸಾವಿರ ರೂಪಾಯಿ. ಹೊಸದಕ್ಕೆ ಅದು ಸಾಲದು. "ಆಪಾ, ಹಳೆಯದೊಂದು ನೀನೇ ನೋಡು" ಎಂದು ಫೋನು ಮಾಡಿದಳು. ನಾನಿರುವುದು ಕಡೂರಿನಲ್ಲಿ. ಇಲ್ಲಿಂದ ಹೊರಟ ರೈಲು ಹಳಿ ಬೀರೂರಿನಲ್ಲಿ ಎರಡಾಗುತ್ತದೆ. ಒಂದು ಅಜ್ಜಂಪುರದ ಕಡೆ, ಇನ್ನೊಂದು ತರೀಕೆರೆಯ ಕಡೆ. ಆ ಎರಡೂ ದಾರಿಯಲ್ಲಿ ಓಡಾಡಿ ನಾನು ಮೂರು ಯಂತ್ರಗಳನ್ನು ನೋಡಿದೆ.

ಅಷ್ಟೊಂದು ಓಡಾಟ ಯಾಕೆ ಎಂದು ನೀವು ಕೇಳಬಹುದು. ನಾನು ಹದಿನೈದರ ಹುಡುಗಿಯಾಗಿದ್ದಾಗ ಅಬ್ಬಾ ಪರಿಚಯದವರೊಬ್ಬರಿಂದ ಹಳೆಯ ಯಂತ್ರವೊಂದನ್ನು ತಂದುಕೊಟ್ಟಿದ್ದರು. ನೋಡಲು ಮಿರಿಮಿರಿ ಮಿಂಚುತ್ತಿತ್ತು. ಆದರೆ ನಾಲ್ಕು ಬೆರಳಿನಷ್ಟು ಹೊಲಿಯುವುದರೊಳಗೆ ಹೊಲಿಗೆ ತಪ್ಪುತ್ತಿತ್ತು, ದಾರ ತುಂಡಾಗುತ್ತಿತ್ತು. "ನಿನಗೆ ಕೈ ಹಿಡಿತವಿಲ್ಲ, ಕಾಲು ಒಂದೇ ಸಮ ತುಳಿಯುವುದಿಲ್ಲ" ಎಂದರು ಕಲಿಸುವವರು. ನಾನೂ ನಂಬಿದೆ. ಮೂರು ತಿಂಗಳಿಗೆ ಕ್ಲಾಸು ಬಿಟ್ಟೆ. ಮದುವೆಯಾಗಿ ಎಷ್ಟೋ ವರ್ಷಗಳ ನಂತರ ತವರಿನಲ್ಲಿ ಅದೇ ಯಂತ್ರವನ್ನು ಬಿಚ್ಚಿದ ಮೆಕ್ಯಾನಿಕ್, ಒಳಗಿನ ಶಟಲ್ಲಿನ ಮೊನೆ ಸವೆದಿರುವುದನ್ನು ತೋರಿಸಿ, "ಇದರಲ್ಲಿ ಯಾರು ಹೊಲಿದರೂ ಹೀಗೇ" ಎಂದ. ಅಂದು ನನಗಾದ ಸಂಕಟವನ್ನು ಹೇಗೆ ಹೇಳಲಿ?

ನುರಿತ ದರ್ಜಿಗೆ ಯಂತ್ರದ ದೋಷ ಕೂಡಲೇ ತಿಳಿಯುತ್ತದೆ. ಕಲಿಯುವ ಮಗು ಮಾತ್ರ ಎಲ್ಲ ತಪ್ಪನ್ನೂ ತನ್ನ ಕೈಗೇ ಹೊರಿಸಿಕೊಳ್ಳುತ್ತದೆ. ಆದ್ದರಿಂದ "ಕಲಿಯುವವಳಿಗೆ ಯಾವುದಾದರೇನು" ಎನ್ನಬೇಡಿ. ಕಲಿಯುವವಳಿಗೇ ಸರಿಯಾದ ಯಂತ್ರ ಬೇಕು.

ಮೊದಲನೆಯದನ್ನು ಕಡೂರಿನ ಅಂಗಡಿಯೊಂದರಲ್ಲಿ ನೋಡಿದೆ. ಹೊಸ ಕಪ್ಪು ಬಣ್ಣ, ಚಿನ್ನದ ಹೂಬಳ್ಳಿ, ಮೇಲೆ ದೊಡ್ಡ ಕಂಪೆನಿಯ ಹೆಸರು. "ಸ್ಕಾಟ್ಲೆಂಡ್ ಮಾಲು" ಎಂಬ ಹೊಗಳಿಕೆ ಬೇರೆ! ಸಹೋದರಿಯರೇ, ಬಣ್ಣ ಬಳಿಯುವುದು, ಹೆಸರಿನ ಸ್ಟಿಕರ್ ಅಂಟಿಸುವುದು ದೊಡ್ಡ ಕೆಲಸವಲ್ಲ. ಹಳೆಯ ಸಿಂಗರ್ ಯಂತ್ರಗಳ ತಳಭಾಗದ ಮೇಲೆ ಕ್ರಮಸಂಖ್ಯೆಯನ್ನು ಒತ್ತಿರುತ್ತಾರೆ. ಅದರಿಂದ ಯಂತ್ರ ಎಲ್ಲಿ, ಯಾವ ಕಾಲದಲ್ಲಿ ತಯಾರಾಯಿತೆಂದು ತಿಳಿಯಬಹುದು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ ಸಿಂಗರ್ ಕಾರ್ಖಾನೆ 1980ರಲ್ಲೇ ಮುಚ್ಚಿತು. ಅಂದರೆ ನಿಜವಾದ ಸ್ಕಾಟ್ಲೆಂಡ್ ಯಂತ್ರಕ್ಕೆ ನಲವತ್ತು ವರ್ಷವಾದರೂ ದಾಟಿರಬೇಕು. ವಯಸ್ಸಾಗಿರುವುದು ದೋಷವಲ್ಲ, ಸವೆದಿರುವುದು ದೋಷ.

ಸವೆತ ತಿಳಿಯುವುದು ಹೇಗೆ? ಸೂಜಿ ಸಿಕ್ಕಿಸುವ ಕಡ್ಡಿಯನ್ನು ಎರಡು ಬೆರಳಿನಿಂದ ಹಿಡಿದು ಹಿಂದೆ ಮುಂದೆ, ಅಕ್ಕ ಪಕ್ಕ ಅಲುಗಿಸಿ ನೋಡಿ. ಲೊಡಲೊಡ ಎಂದರೆ ಬೇಡ. ಬಲಗಡೆಯ ಚಕ್ರವನ್ನು ಹೊರಕ್ಕೆಳೆದು ಒಳಕ್ಕೆ ತಳ್ಳಿ. ಅಲ್ಲಿಯೂ ಆಟವಿರಬಾರದು. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳ ಮೇಲೆ ಉಗುರಾಡಿಸಿ. ಚೂಪಾಗಿದ್ದರೆ ಸರಿ, ನುಣುಪಾಗಿದ್ದರೆ ಬಟ್ಟೆ ಜಾರುತ್ತದೆ. ಕಡೂರಿನ ಆ ಚೆಲುವೆಯ ಸೂಜಿಕಡ್ಡಿ ನನ್ನ ಬೆರಳಿನಲ್ಲಿ ಕುಣಿದಾಡಿತು. ಸಲಾಂ ಹೇಳಿ ಹೊರಬಂದೆ.

ಎರಡನೆಯದು ತರೀಕೆರೆಯಲ್ಲಿ, ದೂರದ ಸಂಬಂಧಿಕರ ಮನೆಯಲ್ಲಿತ್ತು. ಸೌದಿಯಿಂದ ತಂದ ಕರೆಂಟಿನ ಯಂತ್ರ. ಹೆಚ್ಚು ಬಳಸಿಯೇ ಇಲ್ಲ, ಹತ್ತಾರು ಬಗೆಯ ಹೊಲಿಗೆ ಬೇರೆ. ತಂಗಿಯ ಮಗಳ ಕಣ್ಣು ಅರಳಿತು. ಆದರೆ ಹಿಂದಿನ ಪಟ್ಟಿಯಲ್ಲಿ 110 ವೋಲ್ಟ್ ಎಂದಿತ್ತು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ನೇರವಾಗಿ ಪ್ಲಗ್ಗಿಗೆ ಹಾಕಿದರೆ ಮೋಟಾರು ಸುಟ್ಟೇ ಹೋಗುತ್ತದೆ, ಟ್ರಾನ್ಸ್‌ಫಾರ್ಮರ್ ಕೊಳ್ಳಬೇಕು. ಅದರ ಬಿಡಿಭಾಗಗಳೂ ನಮ್ಮೂರಿನ ಅಂಗಡಿಗಳಲ್ಲಿ ಸಿಗುವಂಥದ್ದಲ್ಲ. ಗಲ್ಫಿನಿಂದ ಬಂದ ಯಂತ್ರ ಮನೆಯಲ್ಲಿದ್ದರೆ ನೀವೂ ಮೊದಲು ಆ ಪಟ್ಟಿಯನ್ನು ಓದಿ.

ಹೊಸದಾಗಿ ಕಲಿಯುವವರಿಗೆ ಕಾಲಿನಿಂದ ತುಳಿಯುವ ಸಾಧಾರಣ ಕಪ್ಪು ಯಂತ್ರವೇ ಲೇಸು. ಅದರ ಸೂಜಿ, ಬಾಬಿನ್, ಶಟಲ್, ಬೆಲ್ಟು ಎಲ್ಲವೂ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ದೊರೆಯುತ್ತವೆ. ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ನಿಧಾನ ಎಷ್ಟು, ವೇಗ ಎಷ್ಟು ಎಂಬುದು ಮಗುವಿನ ಕಾಲಿನಲ್ಲೇ ಇರುತ್ತದೆ. ಕೈ ಕುದುರಿದ ಮೇಲೆ ಅದಕ್ಕೇ ಮೋಟಾರು ಜೋಡಿಸಬಹುದು.

ಮೂರನೆಯದು ಸಿಕ್ಕಿದ್ದು ತಂಗಿಯ ಮನೆಯ ಎದುರಿನಲ್ಲೇ! ಅಲ್ಲಿನ ಖಾಲಾ ಕಣ್ಣು ಮಂಜಾದ ಮೇಲೆ ಯಂತ್ರಕ್ಕೆ ಹಳೆಯ ಚಾದರ ಹೊದಿಸಿಟ್ಟಿದ್ದರು. ಧೂಳು ಕೂತು, ಎಣ್ಣೆ ಅಂಟಾಗಿ ಚಕ್ರವೇ ತಿರುಗುತ್ತಿರಲಿಲ್ಲ. ತಂಗಿ ಮುಖ ಸಿಂಡರಿಸಿದಳು. ಆದರೆ ಸೂಜಿಕಡ್ಡಿ ಗಟ್ಟಿಯಾಗಿತ್ತು, ಹಲ್ಲುಗಳು ಚೂಪಾಗಿದ್ದವು, ಸ್ಟ್ಯಾಂಡಿನ ಹಲಗೆಗೆ ಗೆದ್ದಲು ಹತ್ತಿರಲಿಲ್ಲ. ಒಣಗಿದ ಎಣ್ಣೆಯನ್ನು ತೊಳೆಯಬಹುದು, ಸವೆದ ಕಬ್ಬಿಣವನ್ನು ಬೆಳೆಸಲಾಗದು. ಮೆಕ್ಯಾನಿಕ್‌ನನ್ನು ಕರೆಸಿ ಎಣ್ಣೆ ಬಿಟ್ಟು, ಹೊಸ ಸೂಜಿ ಹಾಕಿಸಿ ಪರೀಕ್ಷೆ ಮಾಡಿದೆವು.

ಪರೀಕ್ಷೆಯ ವಿಧಾನವನ್ನು ನೀವೂ ತಿಳಿದಿರಿ. ಮನೆಯಿಂದಲೇ ಕಾಟನ್ ತುಂಡು, ಜಾರುವ ಸಿಂಥೆಟಿಕ್ ತುಂಡು ಒಯ್ಯಿರಿ. ಸೂಜಿಗೆ ಕೆಂಪು ದಾರ, ಬಾಬಿನ್ನಿಗೆ ಬಿಳಿ ದಾರ ಹಾಕಿ. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಒಂದು ಮೊಳ ಹೊಲಿಯಿರಿ. ಮೇಲೆ ಕೆಂಪು, ಕೆಳಗೆ ಬಿಳಿ ಮಾತ್ರ ಕಂಡರೆ ಹೊಲಿಗೆ ಸರಿಯಾಗಿದೆ. ಕೆಳಗಡೆ ಕೆಂಪು ಕುಣಿಕೆಗಳು ಕಂಡರೆ ಮೇಲಿನ ದಾರ ಸಡಿಲ, ಮೇಲ್ಗಡೆ ಬಿಳಿ ಚುಕ್ಕೆ ಕಂಡರೆ ಮೇಲಿನ ದಾರ ಬಿಗಿ. ಇವು ತಿರುಪು ತಿರುಗಿಸಿದರೆ ಸರಿಹೋಗುವಂಥವು, ಹೆದರಬೇಡಿ. ಆದರೆ ಹೊಸ ಸೂಜಿ ಹಾಕಿಯೂ ನಡುನಡುವೆ ಹೊಲಿಗೆ ಬಿಟ್ಟುಹೋದರೆ ಎಚ್ಚರವಾಗಿರಿ. ದೋಷ ಶಟಲ್ಲಿನಲ್ಲಿರಬಹುದು, ಮೆಕ್ಯಾನಿಕ್‌ಗೆ ತೋರಿಸದೆ ದುಡ್ಡು ಕೊಡಬೇಡಿ. ಕೊನೆಗೆ ನಾಲ್ಕು ಮಡಿಕೆಯ ಮೇಲೂ ಓಡಿಸಿ. ಮುಖ್ಯವಾಗಿ, ಮಗಳನ್ನೇ ಕೂರಿಸಿ ತುಳಿಸಿ. ಪಾದ ಪೆಡಲಿನ ಮೇಲೆ ಪೂರ್ತಿ ಊರುವಂತಿರಬೇಕು.

ಇನ್ನೊಂದು ಮಾತು. ರಮಝಾನಿನ ಕೊನೆಯ ದಿನಗಳಲ್ಲಿ ಯಂತ್ರ ಹುಡುಕಲು ಹೋಗಬೇಡಿ. ಈದ್ ಬಟ್ಟೆಯ ಗಡಿಬಿಡಿಯಲ್ಲಿ ದರ್ಜಿಗೂ ಮೆಕ್ಯಾನಿಕ್‌ಗೂ ಪುರುಸೊತ್ತಿರುವುದಿಲ್ಲ. ಮನೆಯಲ್ಲೇ ಹೊಲಿದು ಸಂಪಾದಿಸುವ ತಾಯಂದಿರಿದ್ದರೆ, ಕೇಂದ್ರ ಸರಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ ಬಗ್ಗೆ ವಿಚಾರಿಸಿ. ಅದರ 18 ಕಸುಬುಗಳಲ್ಲಿ ಹೊಲಿಗೆಯೂ ಒಂದು. ಸಲಕರಣೆಗಾಗಿ 15,000 ರೂಪಾಯಿವರೆಗಿನ ನೆರವು ಅದರಲ್ಲಿದೆ. 18 ವರ್ಷ ತುಂಬಿರಬೇಕು, ಮನೆಗೊಬ್ಬರಿಗೆ ಮಾತ್ರ. ನಿಮ್ಮ ಊರಿನಲ್ಲಿ ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳಿ ತಿಳಿದುಕೊಂಡು ಮುಂದುವರಿಯಿರಿ.

ಖಾಲಾ ಕೇಳಿದ್ದು 2,500 ರೂಪಾಯಿ. ತೊಳೆದು, ಬೆಲ್ಟು ಮತ್ತು ಬಾಬಿನ್ ಕೇಸು ಬದಲಿಸಲು 600 ಆಯಿತು. ಉಳಿದ 900ರಲ್ಲಿ ಒಳ್ಳೆಯ ಕತ್ತರಿ, ಟೇಪು, ಎಣ್ಣೆ ಕೊಂಡೆವು. ಯಂತ್ರ ಮನೆಗೆ ಬಂದ ವಾರದಲ್ಲೇ ಹುಡುಗಿ ಒಂದು ದಿಂಬಿನ ಚೀಲ ಹೊಲಿದು ಖಾಲಾಗೆ ಒಯ್ದು ಕೊಟ್ಟಳು. ಅಂಚು ಸ್ವಲ್ಪ ಸೊಟ್ಟಗಿತ್ತು. ಖಾಲಾ ಹೊಲಿಗೆಯ ಮೇಲೆ ಬೆರಳಾಡಿಸಿ, "ಎಲ್ಲೂ ಬಿಟ್ಟಿಲ್ಲ ಬೇಟಿ" ಎಂದರಂತೆ. ಇದನ್ನು ಫೋನಿನಲ್ಲಿ ಕೇಳಿದಾಗ ನನ್ನ ಹದಿನೈದರ ವಯಸ್ಸು ನೆನಪಾಯಿತು.

ಪ್ರಿಯ ಸಹೋದರಿಯರೇ, ನಿಮ್ಮ ಮನೆಯ ಮೂಲೆಯಲ್ಲೂ ಚಾದರ ಹೊದ್ದ ಯಂತ್ರವೊಂದು ಇರಬಹುದು. ಈ ರಜೆಯಲ್ಲಿ ಅದನ್ನೊಮ್ಮೆ ತೆಗೆದು ಎಣ್ಣೆ ಬಿಟ್ಟು ನೋಡಿ. ನಿಮಗೆ ಬೇಡವಾದರೆ ಬೀದಿಯಲ್ಲಿ ಕಲಿಯುತ್ತಿರುವ ಹುಡುಗಿ ಯಾರಿದ್ದಾಳೆಂದು ಕೇಳಿ. ಕೊಡುವಾಗ ಅದರ ದೋಷವೇನಿದ್ದರೂ ಮುಚ್ಚಿಡದೆ ಹೇಳಿಬಿಡಿ. ಆ ಮಗು ತನ್ನ ಕೈಯನ್ನು ದೂರಿಕೊಳ್ಳದಿರಲಿ.