ಹೊಸದು ಕೊಳ್ಳುವ ಮುನ್ನ ಹಳೆಯದನ್ನು ಅಳೆಯೋಣ

ಸೆಮಿಸ್ಟರ್ ಪರೀಕ್ಷೆ ಮುಗಿದು ರಜೆ ಬಂತೆಂದರೆ ನಮ್ಮ ಗೆಳೆಯರ ಬಳಗದಲ್ಲಿ ಒಂದೇ ಚರ್ಚೆ: ‘ಗೇಮಿಂಗ್ ಪಿಸಿ ಹಳೆಯದಾಯಿತು. ಅಪ್‌ಗ್ರೇಡ್ ಮಾಡಿಸಲೋ, ಹೊಸದೇ ತಗೊಳ್ಳಲೋ?’ ಸಲಹೆ ಕೊಡುವವರಿಗೆ ಬರವಿಲ್ಲ. ಯೂಟ್ಯೂಬ್ ತೆರೆದರೆ ಈ ವರ್ಷದ ಗ್ರಾಫಿಕ್ಸ್ ಕಾರ್ಡ್ ಇಲ್ಲದವನು ಆಟವನ್ನೇ ಆಡಬಾರದು ಎಂಬ ಧಾಟಿ. ಅಂಗಡಿಗೆ ಹೋದರೆ ಎರಡೇ ನಿಮಿಷದಲ್ಲಿ ಕೊಟೇಷನ್ ಕೈಗೆ ಬರುತ್ತದೆ. ಆದರೆ ನಾವು ಕೇಳುತ್ತಿರುವ ಪ್ರಶ್ನೆಯೇ ಸರಿಯಿಲ್ಲ ಎಂಬುದು ನನ್ನ ಅನಿಸಿಕೆ. ಕಂಪ್ಯೂಟರ್‌ಗೆ ಎಷ್ಟು ವಯಸ್ಸಾಯಿತು ಎಂಬುದಕ್ಕಿಂತ, ಅದರೊಳಗಿನ ಯಾವ ಭಾಗ ಉಳಿದವನ್ನು ತಡೆದು ನಿಲ್ಲಿಸಿದೆ ಎಂಬುದು ಮುಖ್ಯ.

ಇದನ್ನು ತಿಳಿಯಲು ಖರ್ಚಿಲ್ಲ. ಆಟ ನಡೆಯುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಶೇ 98–99ರಷ್ಟು ದುಡಿಯುತ್ತಿದ್ದರೆ ಮಿತಿ ಅದರದ್ದು. ಕಾರ್ಡ್ ಶೇ 60ರಲ್ಲಿ ಆರಾಮವಾಗಿದ್ದು ಆಟ ಮಾತ್ರ ತಡವರಿಸುತ್ತಿದ್ದರೆ ಪ್ರೊಸೆಸರ್ ಕಡೆ ನೋಡಬೇಕು. ಅನುಮಾನವಿದ್ದರೆ ಆಟದ ರೆಸಲ್ಯೂಷನ್ ಇಳಿಸಿ ನೋಡಿ. ಫ್ರೇಮ್‌ಗಳ ಸಂಖ್ಯೆ ಏರಿದರೆ ಕಾರ್ಡಿನ ಸಮಸ್ಯೆ, ಏರದಿದ್ದರೆ ಪ್ರೊಸೆಸರ್‌ನದು. ಡಿಸ್ಕ್ ಸದಾ ಶೇ 100 ತೋರಿಸುತ್ತಿದ್ದರೆ ಹಳೆಯ ಹಾರ್ಡ್ ಡಿಸ್ಕ್ ಏದುಸಿರು ಬಿಡುತ್ತಿದೆ ಎಂದರ್ಥ. ಲ್ಯಾಬ್‌ನಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ದರೆ ಮೊದಲು ಮಲ್ಟಿಮೀಟರ್ ಹಿಡಿಯುವ ನಾವು, ಮನೆಯ ಕಂಪ್ಯೂಟರ್ ವಿಷಯದಲ್ಲಿ ಮಾತ್ರ ನೇರವಾಗಿ ಪರ್ಸ್ ತೆಗೆಯುತ್ತೇವೆ.

ನನ್ನದೇ ಉದಾಹರಣೆ ಕೊಡುತ್ತೇನೆ. ಅಣ್ಣ ಬಿಇ ಓದುವಾಗ, 2018ರ ಕೊನೆಗೆ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಈಗ ನನ್ನ ಪಾಲಿಗೆ ಬಂದಿದೆ. ರೈಜನ್ 5 1600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, 4 ಜಿಬಿಯ ಜಿಟಿಎಕ್ಸ್ 1050 ಟಿಐ ಕಾರ್ಡ್. ಹೊಸ ಗೇಮಿಂಗ್ ಪಿಸಿಗೆ ಅಂಗಡಿಯವರು ಹೇಳಿದ್ದು 80 ಸಾವಿರ ರೂಪಾಯಿ. ಅದು ನಮ್ಮ ಮನೆಯಲ್ಲಿ ಕಾಲೇಜು ಫೀಸಿನ ಪಕ್ಕದಲ್ಲೇ ಇಟ್ಟು ನೋಡಬೇಕಾದ ಮೊತ್ತ.

ಅಳೆದು ನೋಡಿದಾಗ ಚಿತ್ರ ಬೇರೆಯೇ ಇತ್ತು. ಆಟ ಲೋಡ್ ಆಗಲು ಹಿಡಿಯುತ್ತಿದ್ದ ಸಮಯಕ್ಕೆ ಕಾರಣ ಹಾರ್ಡ್ ಡಿಸ್ಕ್. ಮಧ್ಯೆ ಮಧ್ಯೆ ಗಕ್ಕನೆ ನಿಲ್ಲುತ್ತಿದ್ದುದಕ್ಕೆ ಕಾರಣ ತುಂಬಿಹೋದ ರ‍್ಯಾಮ್. ಅರ್ಧ ಗಂಟೆಯ ನಂತರ ನಿಧಾನವಾಗುತ್ತಿದ್ದುದಕ್ಕೆ ಕಾರಣ ಕೂಲರ್‌ನಲ್ಲಿ ಹೆಪ್ಪುಗಟ್ಟಿದ್ದ ದೂಳು. ವಿಪರೀತ ಬಿಸಿಯಾದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ದೂಳು ತೆಗೆದು ಹೊಸ ಥರ್ಮಲ್ ಪೇಸ್ಟ್ ಹಚ್ಚಿ, ಒಂದು ಎಸ್‌ಎಸ್‌ಡಿ ಹಾಕಿ, ಸೀನಿಯರ್ ಒಬ್ಬರಿಂದ ಅದೇ ವೇಗದ ಇನ್ನೊಂದು 8 ಜಿಬಿ ರ‍್ಯಾಮ್ ಕೊಂಡೆ. ರ‍್ಯಾಮ್ ಜೋಡಿಯಾಗಿದ್ದರೆ ಪ್ರೊಸೆಸರ್ ಎರಡು ದಾರಿಗಳಲ್ಲಿ ಏಕಕಾಲಕ್ಕೆ ದತ್ತಾಂಶ ಪಡೆಯುತ್ತದೆ, ಆಟದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಒಟ್ಟು ಖರ್ಚು 8 ಸಾವಿರ ದಾಟಲಿಲ್ಲ. ಕೌಂಟರ್-ಸ್ಟ್ರೈಕ್ 2, ವ್ಯಾಲೊರಂಟ್‌ನಂತಹ ಆಟಗಳು ಈಗ ತಡವರಿಸದೆ ನಡೆಯುತ್ತಿವೆ.

ಹಾಗಾದರೆ ಹಳೆಯ ಕಂಪ್ಯೂಟರ್ ಚಿರಕಾಲ ಸಾಕೇ? ಖಂಡಿತ ಇಲ್ಲ. ಕೆಲವು ಬಾಗಿಲುಗಳನ್ನು ಕಂಪನಿಗಳೇ ಮುಚ್ಚುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿದವರಿಗೆ ಭದ್ರತಾ ಅಪ್‌ಡೇಟ್ ಸಿಗುವುದು 2026ರ ಅಕ್ಟೋಬರ್‌ವರೆಗೆ ಮಾತ್ರ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಪ್ರೊಸೆಸರ್ ಕೂಡ ಅವರ ಪಟ್ಟಿಯಲ್ಲಿರಬೇಕು. ನನ್ನ ರೈಜನ್ 1600 ಆ ಪಟ್ಟಿಯಲ್ಲಿಲ್ಲ. ನನ್ನ ಕಾರ್ಡ್ ಸೇರಿದ ಪಾಸ್ಕಲ್ ಪೀಳಿಗೆಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿತು. ‘ಡೂಮ್: ದಿ ಡಾರ್ಕ್ ಏಜಸ್’ನಂತಹ ಆಟಗಳಿಗೆ ರೇ ಟ್ರೇಸಿಂಗ್ ಸಾಮರ್ಥ್ಯವಿರುವ ಕಾರ್ಡೇ ಬೇಕು. ಇಂತಹ ಕಡೆ ದೂಳು ಒರೆಸಿ ಪ್ರಯೋಜನವಿಲ್ಲ.

ಆದರೂ ಇಡೀ ಪಿಸಿ ಎಸೆಯಬೇಕಿಲ್ಲ. ಎಎಂಡಿಯ ಎಎಂ4 ಸಾಕೆಟ್‌ನ ಮದರ್‌ಬೋರ್ಡ್ ಇದ್ದವರಿಗೆ ಒಂದು ಅನುಕೂಲವಿದೆ. 2017ರ ಪ್ರೊಸೆಸರ್ ಕೂರುತ್ತಿದ್ದ ಅದೇ ಜಾಗದಲ್ಲಿ, ಬಯಾಸ್ ಅಪ್‌ಡೇಟ್ ಮಾಡಿದರೆ, 2022ರಲ್ಲಿ ಬಂದ ರೈಜನ್ 5 5600 ಕೂರುತ್ತದೆ. ನನ್ನ ಮುಂದಿನ ಹೆಜ್ಜೆ ಅದೇ. ಒಂದೇ ಖರ್ಚಿನಲ್ಲಿ ಆಟದ ವೇಗವೂ ಹೆಚ್ಚುತ್ತದೆ, ವಿಂಡೋಸ್ 11ರ ದಾರಿಯೂ ತೆರೆಯುತ್ತದೆ. ಬಯಾಸ್ ಅಪ್‌ಡೇಟನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಮುಗಿಸಿಕೊಳ್ಳಬೇಕು, ಇಲ್ಲದಿದ್ದರೆ ಬೋರ್ಡ್ ಹೊಸದನ್ನು ಗುರುತಿಸುವುದಿಲ್ಲ. ಆ ಹೊತ್ತಿನಲ್ಲಿ ಯುಪಿಎಸ್ ಇರಲಿ. ಅಪ್‌ಡೇಟ್ ಮಧ್ಯೆ ಕರೆಂಟ್ ಹೋದರೆ ಬೋರ್ಡೇ ಕೆಡಬಹುದು.

ಗ್ರಾಫಿಕ್ಸ್ ಕಾರ್ಡ್ ಕೊಳ್ಳುವವರೂ ಮೊದಲು ಎಸ್‌ಎಂಪಿಎಸ್ ನೋಡಬೇಕು. 1050 ಟಿಐ ಸುಮಾರು 75 ವ್ಯಾಟ್‌ನಲ್ಲಿ ಮುಗಿಸುವ ಕೆಲಸಕ್ಕೆ ಆರ್‌ಎಕ್ಸ್ 6600ಗೆ 132, ಆರ್‌ಟಿಎಕ್ಸ್ 3060ಗೆ 170 ವ್ಯಾಟ್ ಬೇಕು. ಕ್ಯಾಬಿನೆಟ್ ಜೊತೆ ಪುಕ್ಕಟೆಯಾಗಿ ಬಂದ ಎಸ್‌ಎಂಪಿಎಸ್ ನಂಬಿ ದುಬಾರಿ ಕಾರ್ಡ್ ಸಿಕ್ಕಿಸುವುದು ಜಾಣತನವಲ್ಲ. ಅಗ್ಗ ಎಂದು ಆರ್‌ಎಕ್ಸ್ 6500 ಎಕ್ಸ್‌ಟಿ ಕೊಳ್ಳುವವರೂ ಗಮನಿಸಬೇಕು: ಅದು ಬಳಸುವುದು ನಾಲ್ಕೇ ಪಿಸಿಐಇ ಲೇನ್. ನನ್ನ ಬೋರ್ಡಿನಂತಹ ಹಳೆಯ ಪಿಸಿಐಇ 3.0 ಬೋರ್ಡ್‌ಗಳಲ್ಲಿ ಅದರ ವೇಗ ಕುಗ್ಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡರೂ ಕಣ್ಣೆದುರೇ ಆಟ ಓಡಿಸಿ ನೋಡಿ, ಬಿಲ್ ಕೇಳಿ ಪಡೆಯಿರಿ.

ಇನ್ನು ಡಿಡಿಆರ್3 ರ‍್ಯಾಮ್ ಕಾಲದ ಕಂಪ್ಯೂಟರ್ ಇದ್ದವರಿಗೆ ಈ ಸಲಹೆ ಹೊಂದುವುದಿಲ್ಲ. ಅಲ್ಲಿ ಹಾಕಿದ ರ‍್ಯಾಮ್, ಪ್ರೊಸೆಸರ್ ಯಾವುದೂ ಮುಂದಿನ ಕಂಪ್ಯೂಟರ್‌ಗೆ ಬರುವುದಿಲ್ಲ. ಎಸ್‌ಎಸ್‌ಡಿ ಒಂದನ್ನು ಹಾಕಿ, ಉಳಿದ ಹಣ ಕೂಡಿಡುವುದೇ ಲೇಸು.

‘ಕಾಯುವುದಕ್ಕಿಂತ ಒಮ್ಮೆಲೇ ಹೊಸದು ಕೊಂಡರೆ ನೆಮ್ಮದಿ’ ಎನ್ನುವ ಗೆಳೆಯರಿದ್ದಾರೆ. ಆ ಮಾತು ಎಲ್ಲ ಕಾಲಕ್ಕೂ ತಪ್ಪಲ್ಲ. ಆದರೆ ಈಗಿನ ಮಾರುಕಟ್ಟೆ ಅವರ ಪರವಾಗಿಲ್ಲ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಡಿಡಿಆರ್5 ರ‍್ಯಾಮ್ ಬೆಲೆ ದುಪ್ಪಟ್ಟಿಗೂ ಮೀರಿ ಏರಿತು. ಮೈಕ್ರಾನ್ ಕಂಪನಿ ಡಿಸೆಂಬರ್‌ನಲ್ಲಿ, ನಮ್ಮಂಥವರಿಗೆ ಮಾರುತ್ತಿದ್ದ ‘ಕ್ರೂಶಿಯಲ್’ ವ್ಯವಹಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಇಂತಹ ಹೊತ್ತಿನಲ್ಲಿ ಕೈಯಲ್ಲಿರುವ ಡಿಡಿಆರ್4 ರ‍್ಯಾಮ್ ಉಳಿಸಿಕೊಳ್ಳುವುದೇ ಒಂದು ಉಳಿತಾಯ.

ಕೊನೆಯದಾಗಿ, ಮನೆಯವರ ಬಳಿ ಹಣ ಕೇಳುವ ವಿಷಯ. ‘ಓದಿಗೆ ಬೇಕು’ ಎಂಬ ಒಂದು ಮಾತಿನಲ್ಲಿ ಎಲ್ಲವನ್ನೂ ಕಟ್ಟಿಕೊಡುವುದು ನಮ್ಮ ವಯಸ್ಸಿನವರ ರೂಢಿ. ಅಪ್ಪ ಅಮ್ಮನಿಗೆ ಟೆರಾಫ್ಲಾಪ್ ಗೊತ್ತಿಲ್ಲದಿರಬಹುದು, ದುಡಿದ ಹಣದ ಬೆಲೆ ಗೊತ್ತು. ಹಾಗಾಗಿ ಲೆಕ್ಕವನ್ನು ಎರಡು ಭಾಗ ಮಾಡೋಣ. ರ‍್ಯಾಮ್, ಎಸ್‌ಎಸ್‌ಡಿ, ಪ್ರೊಸೆಸರ್ ಪ್ರಾಜೆಕ್ಟ್ ಕೆಲಸಕ್ಕೂ ನಿಜವಾಗಿ ಬೇಕು, ಅದನ್ನು ಮನೆಯಲ್ಲಿ ಧೈರ್ಯವಾಗಿ ಕೇಳಬಹುದು. ಗ್ರಾಫಿಕ್ಸ್ ಕಾರ್ಡ್ ನಮ್ಮಲ್ಲಿ ಹೆಚ್ಚಿನವರಿಗೆ ಆಟಕ್ಕೇ ಬೇಕು. ಆಟ ತಪ್ಪೇನಲ್ಲ. ಆದರೆ ಅದನ್ನು ಆಟವೆಂದೇ ಹೇಳಿ, ಸಾಧ್ಯವಾದರೆ ಇಂಟರ್ನ್‌ಶಿಪ್‌ನ ಸ್ಟೈಪೆಂಡ್‌ನಲ್ಲಿ ಕೊಳ್ಳೋಣ. ನಾನು ಹೊಸ ಕಾರ್ಡನ್ನು ಮುಂದೂಡಿರುವುದು ಅದಕ್ಕಾಗಿಯೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳುತ್ತಾರೆ. ಆ ಹಾಸಿಗೆಯ ಉದ್ದವನ್ನು ನಾವೇ ಅಳೆದುಕೊಳ್ಳಬೇಕು. ಈ ರಜೆಯಲ್ಲಿ ಅಂಗಡಿಗೆ ಹೋಗುವ ಮುನ್ನ ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ಬಿಚ್ಚಿ, ದೂಳು ತೆಗೆದು, ಒಂದು ಸಂಜೆ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಆಮೇಲೂ ಹೊಸದೇ ಬೇಕೆನಿಸಿದರೆ, ಯಾವುದು ಮತ್ತು ಏಕೆ ಎಂದು ಅಂಗಡಿಯವರಿಗೆ ನೀವೇ ಹೇಳುತ್ತೀರಿ.