ಆಟದ ಯಂತ್ರ ಬಾಡಿಗೆಗೆ. ಅಪಘಾತದ ಹೊಣೆ ಯಾರಿಗೆ?

ನಾಣ್ಯ ಅಥವಾ ಟೋಕನ್ ಹಾಕಿದೊಡನೆ ಓಲಾಡುವ ಕುದುರೆ, ಗಿರಕಿ ಹೊಡೆಯುವ ಪುಟ್ಟ ಕಾರು, ವಿಡಿಯೊ ಗೇಮ್ ಯಂತ್ರಗಳು ಮಾಲ್‌ಗಳಲ್ಲಷ್ಟೇ ಅಲ್ಲದೆ ಅಂಗಡಿಗಳ ಮುಂದೆ, ಜಾತ್ರೆ, ವಸ್ತುಪ್ರದರ್ಶನಗಳಲ್ಲಿಯೂ ಮಕ್ಕಳನ್ನು ಸೆಳೆಯುತ್ತವೆ. ಅನೇಕ ಕಡೆ ಯಂತ್ರದ ಒಡೆಯ ಒಬ್ಬನಾದರೆ ಸ್ಥಳದ ಒಡೆಯ ಇನ್ನೊಬ್ಬ. ಬಾಡಿಗೆ ಎಷ್ಟು, ಆದಾಯದಲ್ಲಿ ಯಾರ ಪಾಲೆಷ್ಟು ಎಂಬುದನ್ನು ಇಬ್ಬರೂ ಮೊದಲೇ ನಿರ್ಧರಿಸಿಕೊಂಡಿರುತ್ತಾರೆ. ಆದರೆ ಮಗುವಿಗೆ ವಿದ್ಯುತ್ ಆಘಾತವಾದರೆ ಪರಿಹಾರ ನೀಡುವವರು ಯಾರೆಂಬ ಪ್ರಶ್ನೆಗೂ ಉತ್ತರ ಅಷ್ಟೇ ಸ್ಪಷ್ಟವಾಗಿರಬೇಕಲ್ಲವೇ?

ಹೊಣೆ ಹೀಗೆ ಹಂಚಿಹೋದಾಗ ಏನಾಗುತ್ತದೆ ಎಂಬುದಕ್ಕೆ 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿಯನ್ನು ಬಲಿ ತೆಗೆದುಕೊಂಡ ಅಗ್ನಿ ದುರಂತವೇ ನಿದರ್ಶನ. ಬೆಂಕಿ ಹೊತ್ತಿದ್ದು ವಿದ್ಯುತ್ ಮಂಡಳಿಯ ಟ್ರಾನ್ಸ್‌ಫಾರ್ಮರ್‌ನಲ್ಲಿ. ಅದು ಇದ್ದದ್ದು ಚಿತ್ರಮಂದಿರದ ಕಟ್ಟಡದಲ್ಲಿ. ಪರಿಹಾರದ ಹೊಣೆಯನ್ನು ಚಿತ್ರಮಂದಿರದವರಿಗೆ ಶೇ 85, ಮಂಡಳಿಗೆ ಶೇ 15ರಂತೆ ಹಂಚಿದ ಸುಪ್ರೀಂ ಕೋರ್ಟ್‌ನ ತೀರ್ಪು ಬಂದದ್ದು 2011ರಲ್ಲಿ. ಹದಿನಾಲ್ಕು ವರ್ಷ ಸಂತ್ರಸ್ತ ಕುಟುಂಬಗಳು ನ್ಯಾಯಾಲಯಗಳಿಗೆ ಅಲೆದವು. ರಾಜ್‌ಕೋಟ್‌ನ ಗೇಮ್ ಝೋನ್‌ನಲ್ಲಿ 2024ರ ಮೇ 25ರಂದು ಸಂಭವಿಸಿದ ಅಗ್ನಿ ದುರಂತ, ಮನರಂಜನೆಯ ತಾಣಗಳ ಅಪಾಯ ಇನ್ನೂ ತಗ್ಗಿಲ್ಲವೆಂಬುದನ್ನು ನೆನಪಿಸಿತು.

ಅಂಗಡಿಗೆ ಅಗ್ನಿ ವಿಮೆ ಇದೆ, ಇನ್ನೇನು ಬೇಕು ಎಂದು ಭಾವಿಸುವವರುಂಟು. ಅಗ್ನಿ ವಿಮೆ ಕಾಪಾಡುವುದು ವಿಮೆ ಮಾಡಿಸಿದವನ ಆಸ್ತಿಯನ್ನು. ಗ್ರಾಹಕರಿಗಾದ ಗಾಯ ಅಥವಾ ಸಾವಿಗೆ ಒಡೆಯ ಕಾನೂನುಬದ್ಧವಾಗಿ ತೆರಬೇಕಾದ ಪರಿಹಾರವನ್ನು ಭರಿಸುವುದು ಸಾರ್ವಜನಿಕ ಹೊಣೆಗಾರಿಕೆ ವಿಮೆ. ಅದರಲ್ಲಿಯೂ ಒಂದು ಅಪಘಾತಕ್ಕೆ ಇಷ್ಟು, ಒಂದು ವರ್ಷಕ್ಕೆ ಒಟ್ಟು ಇಷ್ಟು ಎಂಬ ಮಿತಿಗಳಿರುತ್ತವೆ. ಕಾನೂನು ವಿಧಿಸುವ ಹೊಣೆಗಿಂತ ಹೆಚ್ಚಿನದನ್ನು ಕರಾರಿನ ಮೂಲಕ ಮೈಮೇಲೆ ಎಳೆದುಕೊಂಡರೆ, ಆ ಹೆಚ್ಚುವರಿ ಭಾರವನ್ನು ಸಾಮಾನ್ಯವಾಗಿ ವಿಮಾ ಕಂಪನಿ ಹೊರುವುದಿಲ್ಲ. ‘ಏನಾದರೂ ಸ್ಥಳದವರದೇ ಜವಾಬ್ದಾರಿ’ ಎಂಬ ಷರತ್ತಿಗೆ ಓದದೆ ಸಹಿ ಹಾಕುವ ಅಂಗಡಿಯವರು ಇದನ್ನು ಗಮನಿಸಬೇಕು.

ನಮ್ಮ ಕಾನೂನಿಗೆ ಈ ತತ್ತ್ವ ಹೊಸದೇನಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೂರನೇ ವ್ಯಕ್ತಿ ವಿಮೆಯಿಲ್ಲದೆ ಒಂದು ಸ್ಕೂಟರ್ ಕೂಡ ರಸ್ತೆಗಿಳಿಯುವಂತಿಲ್ಲ. ಭೋಪಾಲ್ ದುರಂತದ ನಂತರ, 1991ರಲ್ಲಿ ಬಂದ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಕಡ್ಡಾಯಗೊಳಿಸಿದ್ದು ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವವರಿಗೆ ಮಾತ್ರ. ಮಕ್ಕಳ ಆಟದ ಯಂತ್ರ ಅದರ ವ್ಯಾಪ್ತಿಗೆ ಬರುವುದಿಲ್ಲ.

ಈ ಕೊರತೆ ನೀಗಲು ಹೊಸ ಕಾಯ್ದೆಗೆ ಕಾಯಬೇಕಾಗಿಲ್ಲ. ಉದ್ದಿಮೆ ಪರವಾನಗಿ ಕೊಡುವ ಸ್ಥಳೀಯ ಸಂಸ್ಥೆಗಳು, ಜಾತ್ರೆ–ಪ್ರದರ್ಶನಗಳಿಗೆ ಅನುಮತಿ ನೀಡುವ ಅಧಿಕಾರಿಗಳು ಚಾಲ್ತಿಯಲ್ಲಿರುವ ಹೊಣೆಗಾರಿಕೆ ಪಾಲಿಸಿಯನ್ನೂ ವಿದ್ಯುತ್ ಸುರಕ್ಷತೆಯ ತಪಾಸಣಾ ಪತ್ರವನ್ನೂ ಕೇಳಲಿ. ಬಾಡಿಗೆ ಕರಾರಿನಲ್ಲಿ ಯಂತ್ರದ ದುರಸ್ತಿ ಯಾರದು, ಮೇಲ್ವಿಚಾರಣೆ ಯಾರದು, ವಿಮಾ ಕಂತು ಕಟ್ಟುವವರು ಯಾರು ಎಂಬುದು ನಮೂದಾಗಲಿ. ಪಾಲಿಸಿಯಲ್ಲಿ ಇಬ್ಬರ ಹೆಸರೂ ಇದ್ದರೆ ಇನ್ನೂ ಒಳಿತು.

ಸಣ್ಣ ಉದ್ದಿಮೆದಾರರಿಗೆ ಇದು ಹೊರೆಯಾಗುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಅವರ ಸಂಘಗಳ ಮೂಲಕ ಗುಂಪು ವಿಮೆ ದೊರೆಯುವಂತೆ ಸರ್ಕಾರಿ ಸ್ವಾಮ್ಯದ ವಿಮಾ ಕಂಪನಿಗಳು ಮುಂದಾಗಬಹುದು. ಆದರೆ ವಿಮಾ ಕಂತನ್ನು ವ್ಯಾಪಾರದ ಖರ್ಚಿಗೆ ಸೇರಿಸದಿದ್ದರೆ ಅಪಾಯದ ವೆಚ್ಚ ಇಲ್ಲವಾಗುವುದಿಲ್ಲ. ಅದು ಗಾಯಗೊಂಡ ಮಗುವಿನ ಪೋಷಕರ ಹೆಗಲಿಗೆ ಬೀಳುತ್ತದೆ. ಅರ್ಥಶಾಸ್ತ್ರದ ದೃಷ್ಟಿಯಿಂದಲೂ ನ್ಯಾಯದ ದೃಷ್ಟಿಯಿಂದಲೂ ಇದು ಸಲ್ಲದು. ಕಳಪೆ ಯಂತ್ರಕ್ಕೆ ಹೆಚ್ಚು ಕಂತು, ಸುಸ್ಥಿತಿಯಲ್ಲಿರುವುದಕ್ಕೆ ಕಡಿಮೆ ಎಂದಾದರೆ ದುರಸ್ತಿಗೆ ಒಡೆಯನೇ ಆಸಕ್ತಿ ವಹಿಸುತ್ತಾನೆ. ವರ್ಷಕ್ಕೊಮ್ಮೆ ಬರುವ ಇನ್‌ಸ್ಪೆಕ್ಟರ್‌ನ ಭಯಕ್ಕಿಂತ ಇದು ಹೆಚ್ಚು ಫಲಕಾರಿ.